ಗೂಗಲ್ ಅರ್ಥ್‌ನಲ್ಲಿ ಅರಾಲ್ ಸಮುದ್ರ

18 ಜನವರಿ 2025, ಶನಿವಾರ, ರಾತ್ರಿ

ಇವತ್ತು ಗೂಗಲ್ ಅರ್ಥ್ ಓಪನ್ ಮಾಡಿದ್ದು ಮಾರಿಟೇನಿಯಾದ ರಿಚಾಟ್ ನೋಡೋಣ ಅಂತ. ಮರಳುಗಾಡಿನ ಮಧ್ಯೆ ಸುಮಾರು 40 ಕಿಲೋಮೀಟರ್ ಅಗಲದ, ಒಂದರೊಳಗೊಂದು ಉಂಗುರ ಇಟ್ಟಂಗಿರೋ ಜಾಗ. ನೆಲ ಉಬ್ಬಿ, ಮೇಲಿನ ಬಂಡೆ ಪದರಗಳು ಸವೆದು ಸವೆದು ಹಂಗಾಗಿದ್ದಂತೆ. ಚೆನ್ನಾಗಿದೆ ನೋಡಕ್ಕೆ. ಆದ್ರೆ ಅಲ್ಲಿಂದ ಪೂರ್ವಕ್ಕೆ ಸರೀತಾ ಸರೀತಾ ಉಜ್ಬೆಕಿಸ್ತಾನದ ಮೊಯ್ನಾಕ್‌ಗೆ ಬಂದೆ ನೋಡಿ, ಆಮೇಲೆ ಬೇರೆ ಎಲ್ಲಿಗೂ ಹೋಗಕ್ಕೆ ಮನಸ್ಸೇ ಬರಲಿಲ್ಲ.

ಇದು ಒಂದು ಕಾಲದಲ್ಲಿ ಅರಾಲ್ ಸಮುದ್ರದ ಮೀನುಗಾರಿಕೆ ಬಂದರು. ಸಮುದ್ರ ಅಂದ್ರೂ ಅದು ಉಜ್ಬೆಕಿಸ್ತಾನ, ಕಜಕಸ್ತಾನದ ಮಧ್ಯೆ ಇರೋ ಉಪ್ಪುನೀರಿನ ಸರೋವರ. ಝೂಮ್ ಮಾಡಿದ್ರೆ ಊರಿನ ಅಂಚಲ್ಲಿ ಮರಳ ಮೇಲೆ ತುಕ್ಕು ಹಿಡಿದ ಹಡಗುಗಳು, ಒಂದರ ಪಕ್ಕ ಒಂದು. ಹತ್ತಿರ ಎಲ್ಲಾದ್ರೂ ನೀರಿರಬೇಕಲ್ವಾ ಅಂತ ಉತ್ತರಕ್ಕೆ ಎಳೀತಾನೇ ಹೋದೆ, ಬೆಳ್ಳಗೆ ಉಪ್ಪು ಕಟ್ಟಿರೋ ನೆಲ ಬಿಟ್ರೆ ಏನೂ ಸಿಗಲ್ಲ, ಎಷ್ಟು ಎಳೆದ್ರೂ ಅದೇ ನೆಲ.

ಟೈಮ್‌ಲ್ಯಾಪ್ಸ್ ಹಾಕ್ದೆ, ಅಂದ್ರೆ ಒಂದೇ ಜಾಗದ ವರ್ಷವರ್ಷದ ಚಿತ್ರಗಳನ್ನ ವಿಡಿಯೋ ಥರ ಓಡಿಸೋದು. ಅದು 1984ರಿಂದ ಶುರುವಾಗುತ್ತೆ, ಆಗಲೇ ಸಮುದ್ರ ಸಾಕಷ್ಟು ಬತ್ತಿತ್ತು, ಯಾಕಂದ್ರೆ ಹತ್ತಿ ಬೆಳೆಯಕ್ಕೆ ಅಂತ ಸೋವಿಯತ್ ಕಾಲದಲ್ಲೇ ಅಮು ದರ್ಯಾ, ಸಿರ್ ದರ್ಯಾ ಎರಡೂ ನದಿ ನೀರನ್ನ ಕಾಲುವೆಗಳಿಗೆ ತಿರುಗಿಸಿಬಿಟ್ಟಿದ್ರು. ಮೊದಲು ಉತ್ತರದ ತುಂಡು ಬೇರೆ ಆಗುತ್ತೆ, ಆಮೇಲೆ ದಕ್ಷಿಣದ್ದೂ ಸೀಳುತ್ತೆ, 2014ಕ್ಕೆ ಅದರ ಪೂರ್ವಭಾಗ ಪೂರ್ತಿ ಖಾಲಿ. ಅದೇ ಕಜಕಸ್ತಾನದ ಕಡೆ ನೋಡಿ, 2005ರಲ್ಲಿ ಕೊಕರಾಲ್ ಅಣೆಕಟ್ಟು ಕಟ್ಟಿದ ಮೇಲೆ ಉತ್ತರದ ತುಂಡು ಮತ್ತೆ ತುಂಬಿಕೊಳ್ಳುತ್ತೆ, ಮೀನೂ ವಾಪಸ್ ಬಂದಿದೆ. ಆ ಭಾಗವನ್ನ ಹಿಂದೆ ಮುಂದೆ ಮಾಡ್ತಾ ತುಂಬಾ ಹೊತ್ತು ಕೂತಿದ್ದೆ. ಅಷ್ಟೆಲ್ಲ ನೋಡಿದ ಮೇಲೆ ಅಲ್ಲಿ ನೀಲಿ ಬಣ್ಣ ಕಂಡು ನಿಜವಾಗ್ಲೂ ಖುಷಿಯಾಯ್ತು.

ಒಂದು ವಿಷಯ, ಟೈಮ್‌ಲ್ಯಾಪ್ಸ್‌ನಲ್ಲಿ ಹಡಗು ಹುಡುಕಬೇಡಿ, ಕಾಣಲ್ಲ. ಅದರಲ್ಲಿ ಹೆಚ್ಚಾಗಿ ಬಳಸೋದು ಅಮೆರಿಕದ ಲ್ಯಾಂಡ್‌ಸ್ಯಾಟ್ ಸ್ಯಾಟಲೈಟ್‌ಗಳ ಚಿತ್ರ, ಅದರ ಒಂದು ಪಿಕ್ಸೆಲ್ ಅಂದ್ರೆ ನೆಲದಲ್ಲಿ 30 ಮೀಟರ್, ಒಂದು ಹಡಗು ಅದರೊಳಗೇ ಮುಗಿದುಹೋಗುತ್ತೆ. ಝೂಮ್ ಮಾಡಿದಾಗ ಬರೋದು ಬೇರೆ ಸ್ಯಾಟಲೈಟ್‌ಗಳ ಫೋಟೋ, ಬೇರೆ ಬೇರೆ ದಿನ ತೆಗೆದಿದ್ದನ್ನ ಸೇರಿಸಿ ಹೊಲೆದಿರ್ತಾರೆ, ಪಕ್ಕಪಕ್ಕದ ಎರಡು ತುಂಡಿನ ಮಧ್ಯೆ ವರ್ಷಗಟ್ಟಲೆ ವ್ಯತ್ಯಾಸ ಇರಬಹುದು. ಅದಕ್ಕೇ ನಾನು ಯಾವ ಜಾಗ ನೋಡಿದ್ರೂ ಫೋಟೋದ ತಾರೀಕು ಮೊದಲು ನೋಡ್ತೀನಿ. ಡೆಸ್ಕ್‌ಟಾಪ್‌ನಲ್ಲಿ 2009ರಿಂದಲೇ ಹಳೇ ಚಿತ್ರಗಳನ್ನ ನೋಡೋ ಸೌಲಭ್ಯ ಇದೆ, ಎಷ್ಟೋ ಜನ ಅದನ್ನ ಮುಟ್ಟೇ ಇರಲ್ಲ.

ಮುಂದಿನ ಸಲ ಮೊಜಾಂಬಿಕ್‌ನ ಮಾಬು ಬೆಟ್ಟ. ಲಂಡನ್‌ನ ಸಸ್ಯೋದ್ಯಾನ ಕ್ಯೂ ಗಾರ್ಡನ್ಸ್‌ನ ವಿಜ್ಞಾನಿಗಳು 2005ರಲ್ಲಿ ಇದೇ ಗೂಗಲ್ ಅರ್ಥ್‌ನಲ್ಲಿ ಅಲ್ಲಿನ ಕಾಡನ್ನ ಗುರುತಿಸಿದ್ರು, ಆಮೇಲೆ ಹೋಗಿ ನೋಡಿದ್ರೆ ಹೊಸ ಚಿಟ್ಟೆ, ಹೊಸ ಹಾವು, ಹೊಸ ಗೋಸುಂಬೆ. ಅಲ್ಲಿಯ ಜನಕ್ಕೆ ಆ ಕಾಡು ಮೊದಲಿಂದಲೂ ಗೊತ್ತಿತ್ತು, ಅದನ್ನ "ಕಂಡುಹಿಡಿದರು" ಅಂತ ಬರೆಯೋದು ನನಗೆ ಸರಿ ಅನ್ಸಲ್ಲ. ಸುತ್ತಲಿನ ಹೊಲಗಳು ಕಾಡಿನ ಅಂಚಿಗೆ ಎಷ್ಟು ಹತ್ತಿರ ಬಂದಿವೆ ಅಂತ ಹಳೇ ಚಿತ್ರಗಳ ಜೊತೆ ಇಟ್ಟು ನೋಡಬೇಕು.