ಸರ್ವರ್‌ಗೆ ಹೆಸರಿಟ್ಟರೆ ಸಾಲದು, ನೆಟ್‌ವರ್ಕ್‌ಗೂ ಗೊತ್ತಾಗಬೇಕು

ಉಬುಂಟು ಅಥವಾ ಡೆಬಿಯನ್ (ಎರಡೂ ಲಿನಕ್ಸ್) ಸರ್ವರ್‌ನ ಹೆಸರು ಬದಲಿಸುವುದು ಒಂದೇ ಸಾಲಿನ ಕೆಲಸ. ಹೊಸ ಹೆಸರು 'ಕಾವೇರಿ' ಅಂತಿಟ್ಟುಕೊಳ್ಳಿ:

ಸುಡೊ ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್ ಕಾವೇರಿ

(ಟರ್ಮಿನಲ್‌ನಲ್ಲಿ ಇದೆಲ್ಲ ಇಂಗ್ಲಿಷ್ ಅಕ್ಷರದಲ್ಲೇ. ಸುಡೊ ಎಂದರೆ ಅಡ್ಮಿನ್ ಅಧಿಕಾರದಲ್ಲಿ ಆಜ್ಞೆ ನಡೆಸುವುದು.) ರೀಬೂಟ್ ಬೇಕಿಲ್ಲ. ಆದರೂ ಪಕ್ಕದ ಲ್ಯಾಪ್‌ಟಾಪ್‌ನಿಂದ 'ಪಿಂಗ್ ಕಾವೇರಿ' ಅಂದರೆ ಬಹಳ ಸಲ ಉತ್ತರವೇ ಬರುವುದಿಲ್ಲ. ಸರ್ವರ್‌ಗೆ ತನ್ನ ಹೆಸರು ಗೊತ್ತಾಯಿತು, ಊರಿಗೆ ಡಂಗುರ ಇನ್ನೂ ಸಾರಿಲ್ಲ.

ಮೊದಲು ಸರ್ವರ್ ಒಳಗಿನ ಕೆಲಸ ಮುಗಿಸಿ. ಮೇಲಿನ ಆಜ್ಞೆ /ಇಟಿಸಿ/ಹೋಸ್ಟ್‌ನೇಮ್ ಫೈಲನ್ನು ಬದಲಿಸುತ್ತದೆ, /ಇಟಿಸಿ/ಹೋಸ್ಟ್ಸ್ (ಯಾವ ಹೆಸರಿಗೆ ಯಾವ ಐಪಿ ವಿಳಾಸ ಎಂಬ ಪಟ್ಟಿ) ತಂಟೆಗೆ ಹೋಗುವುದಿಲ್ಲ. ಅಲ್ಲಿ 127.0.1.1 ಸಾಲಿನಲ್ಲಿ ಹಳೆಯ ಹೆಸರೇ ಉಳಿದಿದ್ದರೆ ಸುಡೊ ಕೊಟ್ಟಾಗಲೆಲ್ಲ 'ಅನೇಬಲ್ ಟು ರಿಸಾಲ್ವ್ ಹೋಸ್ಟ್' ಎಂಬ ಗೊಣಗಾಟ ಕಾಣಬಹುದು. ಸಾಲನ್ನು ಹೀಗೆ ತಿದ್ದಿ:

127.0.1.1 ಕಾವೇರಿ.ಹೋಮ್.ಆರ್ಪಾ ಕಾವೇರಿ

ಪೂರ್ತಿ ಹೆಸರು ಮೊದಲು, ಚಿಕ್ಕದು ಆಮೇಲೆ ('ಹೋಮ್.ಆರ್ಪಾ' ಮನೆಯ ನೆಟ್‌ವರ್ಕ್‌ಗೆಂದೇ ಮೀಸಲಾದ ಡೊಮೇನ್). ತಿರುಗಾಮುರುಗಾ ಆದರೆ 'ಹೋಸ್ಟ್‌ನೇಮ್ -ಎಫ್' ಬರೀ ಚಿಕ್ಕ ಹೆಸರು ಕೊಡುತ್ತದೆ. 127.0.0.1 ಲೋಕಲ್‌ಹೋಸ್ಟ್ ಸಾಲನ್ನು ಮುಟ್ಟಬೇಡಿ. ಹೆಸರಿನಲ್ಲಿ ಅಕ್ಷರ, ಅಂಕಿ, ಹೈಫನ್ ಮಾತ್ರ ಇರಲಿ. ಅಂಡರ್‌ಸ್ಕೋರ್ ಬೇಡ, ಹೈಫನ್ ಮೊದಲಲ್ಲೂ ಕೊನೆಯಲ್ಲೂ ಬರಕೂಡದು. ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಮಿತಿ 63 ಅಕ್ಷರ, ಆದರೆ ವಿಂಡೋಸ್‌ನ ಹಳೆಯ ಹೆಸರಿನ ಪದ್ಧತಿ ನೆಟ್‌ಬಯಾಸ್ 15ಕ್ಕೇ ನಿಲ್ಲುತ್ತದೆ. ವಿಂಡೋಸ್ ಜೊತೆ ಫೈಲ್ ಹಂಚಲು ಸಾಂಬಾ ಹಾಕುವವರು ಚಿಕ್ಕ ಹೆಸರಿಡುವುದೇ ಕ್ಷೇಮ.

ರೀಬೂಟ್ ಆದ ಮೇಲೆ ಹಳೆಯ ಹೆಸರು ಮರಳಿ ಬಂದರೆ ಮೊದಲು ಕ್ಲೌಡ್-ಇನಿಟ್ (ಬೂಟ್ ಆಗುವಾಗ ಸರ್ವರ್‌ನ ಸೆಟ್ಟಿಂಗ್ ಹಾಕುವ ಪ್ರೋಗ್ರಾಮ್) ಮೇಲೆ ಅನುಮಾನಪಡಿ. /ಇಟಿಸಿ/ಕ್ಲೌಡ್/ಕ್ಲೌಡ್.ಸಿಎಫ್‌ಜಿಯಲ್ಲಿ 'ಪ್ರಿಸರ್ವ್_ಹೋಸ್ಟ್‌ನೇಮ್: ಟ್ರೂ' ಎಂದು ಬರೆದರೆ ಸುಮ್ಮನಾಗುತ್ತದೆ.

ಈಗ ಉಳಿದ ಯಂತ್ರಗಳ ಮಾತು. ಪ್ರತಿಯೊಂದರ ಹೋಸ್ಟ್ಸ್ ಫೈಲಿನಲ್ಲೂ '192.168.1.20 ಕಾವೇರಿ' ಎಂದು ಬರೆಯುವುದು ಎರಡು ಯಂತ್ರಗಳಿಗೆ ಸರಿ, ಹತ್ತಕ್ಕೆ ತಲೆನೋವು, ಫೋನ್‌ಗಳಿಗಂತೂ ಆಗದ ಮಾತು. ಆಫೀಸಿಗೆ ಸರಿಯಾದ ದಾರಿ ರೌಟರ್: ಸರ್ವರ್‌ನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಡಿಎಚ್‌ಸಿಪಿಯಲ್ಲಿ, ಅಂದರೆ ಐಪಿ ಹಂಚುವ ವ್ಯವಸ್ಥೆಯಲ್ಲಿ, ಒಂದು ಐಪಿ ಕಾಯ್ದಿರಿಸಿ. ಡಿಎನ್‌ಎಸ್, ಡಿಎಚ್‌ಸಿಪಿ ಎರಡನ್ನೂ ನೋಡಿಕೊಳ್ಳುವ ಡಿಎನ್‌ಎಸ್‌ಮಾಸ್ಕ್ ಪ್ರೋಗ್ರಾಮ್ ಓಡುವ ರೌಟರ್‌ಗಳು (ಓಪನ್‌ಡಬ್ಲ್ಯುಆರ್‌ಟಿ ಇಂಥದ್ದು) ಐಪಿ ಕೇಳಲು ಬಂದ ಯಂತ್ರದ ಹೆಸರನ್ನು ತಾವೇ ನೆನಪಿಟ್ಟು ಉಳಿದವರಿಗೆ ಹೇಳುತ್ತವೆ. ಸರ್ವರ್‌ನಲ್ಲೇ ಸ್ಟ್ಯಾಟಿಕ್ (ಬದಲಾಗದ) ಐಪಿ ಬರೆದವರು ಎಡವುವುದು ಇಲ್ಲೇ. ಆ ಸರ್ವರ್ ಐಪಿ ಕೇಳಲು ಹೋಗುವುದೇ ಇಲ್ಲ, ಹಾಗಾಗಿ ರೌಟರ್‌ಗೆ ಅದರ ಹೆಸರೂ ಗೊತ್ತಾಗುವುದಿಲ್ಲ. ಆಗ ರೌಟರ್‌ನ ಡಿಎನ್‌ಎಸ್‌ನಲ್ಲಿ ಹೆಸರನ್ನು ಕೈಯಾರೆ ಸೇರಿಸಬೇಕು.

ಮನೆಗಾದರೆ ಅವಾಹಿ ಸಾಕು, ಇದು ಯಂತ್ರದ ಹೆಸರನ್ನು ಸ್ಥಳೀಯ ನೆಟ್‌ವರ್ಕ್‌ನಲ್ಲಿ ತಾನೇ ಸಾರುವ ಪ್ರೋಗ್ರಾಮ್. 'ಸುಡೊ ಆಪ್ಟ್ ಇನ್‌ಸ್ಟಾಲ್ ಅವಾಹಿ-ಡೀಮನ್' ಕೊಟ್ಟರೆ ಸರ್ವರ್ 'ಕಾವೇರಿ.ಲೋಕಲ್' ಎಂಬ ಹೆಸರಿಗೆ ಓಗೊಡುತ್ತದೆ. ಆಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಈ ವ್ಯವಸ್ಥೆ ಜೊತೆಗೇ ಬರುತ್ತದೆ. ಲಿನಕ್ಸ್ ಲ್ಯಾಪ್‌ಟಾಪ್‌ಗೆ 'ಲಿಬ್‌ಎನ್‌ಎಸ್‌ಎಸ್-ಎಂಡಿಎನ್‌ಎಸ್' ಪ್ಯಾಕೇಜ್ ಬೇಕಾಗಬಹುದು. ಇದೆಲ್ಲ ಯುಡಿಪಿ 5353ರಲ್ಲಿ, 224.0.0.251 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ ಹೋಗುವ ಮಾತುಕತೆ. ರೌಟರ್ ದಾಟಿ ಬೇರೆ ನೆಟ್‌ವರ್ಕ್‌ಗೆ ಹೋಗುವುದಿಲ್ಲ, ಗೆಸ್ಟ್ ವೈಫೈಯಲ್ಲಿ ಸಾಮಾನ್ಯವಾಗಿ ನಡೆಯುವುದೂ ಇಲ್ಲ. ಡಾಕರ್ (ಪ್ರೋಗ್ರಾಮ್‌ಗಳನ್ನು ಪ್ರತ್ಯೇಕ ಕಂಟೈನರ್‌ಗಳಲ್ಲಿ ಓಡಿಸುವ ಸಾಧನ) ಇರುವ ಸರ್ವರ್‌ನಲ್ಲಿ ಅವಾಹಿ 172.17.0.1 ಎಂಬ, ಹೊರಗಿನವರಿಗೆ ಉಪಯೋಗಕ್ಕೆ ಬಾರದ ವಿಳಾಸವನ್ನೂ ಸಾರಬಹುದು, /ಇಟಿಸಿ/ಅವಾಹಿ/ಅವಾಹಿ-ಡೀಮನ್.ಕಾನ್ಫ್‌ನಲ್ಲಿ 'ಡಿನೈ-ಇಂಟರ್‌ಫೇಸಸ್=ಡಾಕರ್0' ಸೇರಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿ. 'ಕಾವೇರಿ-2.ಲೋಕಲ್' ಕಾಣಿಸಿದರೆ ಅದೇ ಹೆಸರಿನ ಇನ್ನೊಂದು ಯಂತ್ರ ಇರಬಹುದು, ಉದಾಹರಣೆಗೆ ಕ್ಲೋನ್ ಮಾಡಿದ ವಿಎಂ (ವರ್ಚುವಲ್ ಯಂತ್ರ). ಅಂದಹಾಗೆ, ಆಫೀಸಿನ ಡಿಎನ್‌ಎಸ್‌ಗೆ '.ಲೋಕಲ್' ಡೊಮೇನ್ ಇಡಬೇಡಿ, ಅದು 2013ರ ಆರ್‌ಎಫ್‌ಸಿ 6762 ಎಂಬ ಇಂಟರ್ನೆಟ್ ಮಾನದಂಡದಲ್ಲಿ ಈ ಕೆಲಸಕ್ಕೇ ಮೀಸಲಾಗಿದೆ.

ಪರೀಕ್ಷೆಗೆ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ 'ಗೆಟ್‌ಎಂಟ್ ಹೋಸ್ಟ್ಸ್ ಕಾವೇರಿ' ಕೊಡಿ, ಅವಾಹಿಯಾದರೆ 'ಕಾವೇರಿ.ಲೋಕಲ್'. 'ಡಿಗ್' ಆಜ್ಞೆ ನಂಬಿ ಕೂರಬೇಡಿ. ಅದು ಸೀದಾ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ಉಳಿದ ಪ್ರೋಗ್ರಾಮ್‌ಗಳು /ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್ ಹೇಳಿದ ಕ್ರಮದಲ್ಲಿ ಹುಡುಕುತ್ತವೆ. ಸರಿಯಾದ ಐಪಿ ಬಂದೂ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್) ಆಗದಿದ್ದರೆ ತಪ್ಪು ಹೆಸರಿನದಲ್ಲ, ಫೈರ್‌ವಾಲ್ ನೋಡಿ. ಹೊಸ ಹೆಸರಿನಿಂದ ಮೊದಲ ಸಲ ಎಸ್‌ಎಸ್‌ಎಚ್ ಮಾಡಿದಾಗ ಫಿಂಗರ್‌ಪ್ರಿಂಟ್‌ಗೆ (ಸರ್ವರ್‌ನ ಗುರುತಿನ ಕೀಯ ಚಿಕ್ಕ ರೂಪ) ಒಪ್ಪಿಗೆ ಕೇಳುವುದು ಸಹಜ. ಹೋಸ್ಟ್‌ನೇಮ್ ಬದಲಾದರೆ ಕೀ ಬದಲಾಗುವುದಿಲ್ಲ, ಆದ್ದರಿಂದ ಹಳೆಯ ಫಿಂಗರ್‌ಪ್ರಿಂಟೇ ಬರಬೇಕು. ಬೇರೆಯದು ಬಂದರೆ 'ಯೆಸ್' ಒತ್ತುವ ಮುಂಚೆ ಆ ಐಪಿ ಯಾವ ಯಂತ್ರದ್ದು ಎಂದು ನೋಡಿ.