ಜಳಕಕ್ಕೆ ಜಾಗ ಕೇಳಿದ ಹನ್ನೆರಡು ಮಂದಿ

"ಗಂಟೆ ಲೆಕ್ಕಕ್ಕೆಲ್ಲ ರೂಮ್ ಕೊಡಲ್ಲಮ್ಮ. ಇದು ಮರ್ಯಾದಸ್ಥರ ಲಾಡ್ಜು."

"ನಾವೂ ಮರ್ಯಾದಸ್ಥರ ಅದೀವ್ರೀ. ಜಳಕಾ ಮಾಡಾಕ ಜಾಗಾ ಕೇಳೀವಿ, ಮತ್ತೇನೂ ಅಲ್ಲ."

ಈ ವಾರ ಬೇಲೂರಿನಲ್ಲಿ, ಚೆನ್ನಕೇಶವನ ಗುಡಿಗೆ ಹತ್ತಿರದ ಒಂದು ಲಾಡ್ಜಿನ ಕೌಂಟರ್ ಮುಂದೆ ಕಿವಿಗೆ ಬಿದ್ದ ಮಾತುಗಳಿವು. ಬೆಳಗಿನ ಆರೂಮುಕ್ಕಾಲು, ಕಾರ್ತಿಕದ ಚಳಿ. ಗದಗದ ಕಡೆಯ ಹನ್ನೆರಡು ಹೆಂಗಸರು, ಹಿಂದಿನ ದಿನವೇ ಹೊರಟು ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ಬಂದಿದ್ದರು. ಮುಂದೆ ನಿಂತು ಮಾತಾಡಿದವರಿಗೆ ಐವತ್ತೈದರ ಆಸುಪಾಸು. ಹಸಿರು ಬಳೆಗಳ ಸಂದಿಯಲ್ಲಿ ನಾಲ್ಕು ಮಡಿಕೆ ಮಾಡಿ ಸಿಕ್ಕಿಸಿದ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಹಣವಿಲ್ಲದೆ ಕೊಡುವ ಶೂನ್ಯ ಟಿಕೆಟ್, ಕೈಯಲ್ಲಿ ಬಟ್ಟೆಯಂಗಡಿಯ ಚೀಲ, ಅದರೊಳಗೆ ಇಸ್ತ್ರಿ ಮಾಡಿದ ಇಳಕಲ್ ಸೀರೆ. ನೆಲಕ್ಕಿಟ್ಟರೆ ಮಡಿಕೆ ಕೆಡುತ್ತದೆಂದು ಆ ಚೀಲವನ್ನು ಮಾತು ಮುಗಿಯುವವರೆಗೂ ಎದೆಗವಚಿಕೊಂಡೇ ಇದ್ದರು. "ರಾತ್ರಿಯೆಲ್ಲಾ ಬಸ್ಸಿನ್ಯಾಗ ಕುಂತ ಸೀರೀಲೆ ದೇವರ ಮುಂದ ಹೆಂಗ ನಿಲ್ಲೂದ್ರೀ?" ಎಂದೂ ಕೇಳಿದರು. ಅದಕ್ಕೆ ಉತ್ತರ ಬರಲಿಲ್ಲ. ಹನ್ನೆರಡೂ ಮಂದಿ ಮೆಟ್ಟಿಲಿಳಿದು ಹೋದರು. ಕೌಂಟರಿನ ಹಿಂದಿನ ಹಲಗೆಯಲ್ಲಿ ಹತ್ತು ಕೀಲಿಗಳ ಪೈಕಿ ಎಂಟು ಅಲ್ಲೇ ನೇತಾಡುತ್ತಿದ್ದವು.

ಲಾಡ್ಜಿನವರು ಕೆಟ್ಟವರಲ್ಲ. ಗಂಟೆ ಲೆಕ್ಕಕ್ಕೆ ರೂಮು ಕೊಡುತ್ತಾರೆಂಬ ಹೆಸರು ಬಂದರೆ ಸಣ್ಣ ಊರಿನಲ್ಲಿ ಏನಾಗುತ್ತದೆ ಎಂದು ಲಾಡ್ಜು ನಡೆಸಿದವರಿಗೆಲ್ಲ ಗೊತ್ತು. ಪೊಲೀಸರು ರಿಜಿಸ್ಟರ್ ಕೇಳುತ್ತಾರೆ, ಕುಟುಂಬಗಳು ಬರುವುದನ್ನು ಬಿಡುತ್ತವೆ. ಹನ್ನೆರಡು ಮಂದಿಯ ಗುರುತಿನ ಚೀಟಿ ನೋಡಿ ಹೆಸರು ಬರೆದುಕೊಳ್ಳುವುದಕ್ಕೇ ಅರ್ಧ ಗಂಟೆ ಬೇಕು. ಒಂದು ರೂಮಿನ ಬಚ್ಚಲಿಗೆ ಹನ್ನೆರಡು ಜನ ಇಳಿದರೆ ಮೂರನೆಯವರಿಗೆ ಬಿಸಿನೀರು ಮುಗಿದಿರುತ್ತದೆ, ಆರನೆಯವರ ಹೊತ್ತಿಗೆ ಕೂದಲು, ಶ್ಯಾಂಪೂ ಚೀಟಿ ಸೇರಿ ಜಾಲರಿ ಕಟ್ಟಿ ನೀರು ಕೋಣೆಗೆ ನುಗ್ಗುತ್ತದೆ. ಇದೆಲ್ಲ ನಿಜ. ಆದರೂ ಆ ಮಾತನ್ನು ಆ ತಾಯಿಗೆ ಹೇಳಬಾರದಿತ್ತು. ಅನುಮಾನದ ಗಿರಾಕಿಗಾಗಿ ಇಟ್ಟುಕೊಂಡ ಉತ್ತರವನ್ನು, ದೇವರ ದರ್ಶನಕ್ಕೆ ಮಡಿ ಬಯಸಿ ಬಂದವರ ಮುಖಕ್ಕೆ ಎಸೆದಂತಾಯಿತು.

ಆ ಲಾಡ್ಜು ಕಟ್ಟಿದ್ದೇ ಬೇರೆ ಪ್ರವಾಸಿಗಳಿಗಾಗಿ. ಆಗ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ನೋಡಲು ಎರಡು ದಿನ ಇಟ್ಟುಕೊಂಡು ಬರುವ ಸಂಸಾರಗಳಿದ್ದವು. ವಿದೇಶಿಯರು ಬಂದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಅವರ ವಿವರದ ಸಿ ಫಾರಂ ಸರ್ಕಾರಕ್ಕೆ ಕಳಿಸುವ ಗಡಿಬಿಡಿ ಇರುತ್ತಿತ್ತು. ನವೆಂಬರಿನಿಂದ ಜನವರಿಯವರೆಗೆ ಶಾಲಾ ಪ್ರವಾಸದ ಬಸ್ಸುಗಳು, ಹಾಲ್‌ನಲ್ಲಿ ಜಮಖಾನ, ನೂರು ಮಕ್ಕಳಿಗೆ ಹನ್ನೆರಡು ಕಿಲೋ ಅಕ್ಕಿ, ಮೂರು ಕಿಲೋ ತೊಗರಿಬೇಳೆ. ಮಕ್ಕಳು ಈಗಲೂ ಬರುತ್ತಾರೆ. ಉಳಿದವರು ರಾತ್ರಿ ನಿಲ್ಲುವುದನ್ನು ಬಿಟ್ಟರು. ನೆಲಮಂಗಲದಿಂದ ಹಾಸನದವರೆಗಿನ ಹೆದ್ದಾರಿ ನಾಲ್ಕು ಪಥವಾದ ಮೇಲೆ ಬೆಂಗಳೂರಿನಲ್ಲಿ ಐದಕ್ಕೆ ಹೊರಟ ಕಾರು ದಾರಿಯಲ್ಲಿ ತಿಂಡಿ ಮುಗಿಸಿ ಒಂಬತ್ತೂವರೆಗೆ ಬೇಲೂರಿನಲ್ಲಿರುತ್ತದೆ. ಹಳೇಬೀಡು ಹದಿನಾರು ಕಿಲೋಮೀಟರ್. ಎರಡೂ ನೋಡಿಕೊಂಡು ಸಂಜೆಗೆ ಚಿಕ್ಕಮಗಳೂರಿನ ಕಡೆಯೋ ಸಕಲೇಶಪುರದ ಕಡೆಯೋ ತೋಟದ ಹೋಂಸ್ಟೇ ಸೇರುತ್ತಾರೆ. ರಾತ್ರಿಯ ಬಾಡಿಗೆ ತೋಟದ್ದಾಯಿತು, ಬೇಲೂರಿಗೆ ಉಳಿದದ್ದು ಪಾರ್ಕಿಂಗ್ ಮತ್ತು ಎಳನೀರು.

2023ರಲ್ಲಿ ಎರಡು ಸಂಗತಿ ನಡೆದವು. ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ರಾಜ್ಯದೊಳಗಿನ ಸಾಮಾನ್ಯ, ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲವಾಯಿತು. ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿದವು. ಊರಿನ ವ್ಯಾಪಾರಸ್ಥರು ಕಾದು ಕುಳಿತಿದ್ದು ಎರಡನೆಯದಕ್ಕೆ. ಎಸಿ ಹಾಕಿಸಿದರು, ಬೋರ್ಡಿನಲ್ಲಿ ಇಂಗ್ಲಿಷ್ ಬರೆಸಿದರು, ಆನ್‌ಲೈನ್ ಬುಕಿಂಗಿನವರಿಗೆ ನೂರಕ್ಕೆ ಹದಿನೈದು, ಇಪ್ಪತ್ತು ಕಮಿಷನ್ ಕೊಟ್ಟು ಫೋಟೋ ಹಾಕಿಸಿದರು. ಮೊದಲನೆಯದು ಯಾರ ಸಿದ್ಧತೆಗೂ ಕಾಯದೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಇಳಿಯಿತು. ಸೋಮವಾರ, ಬುಧವಾರ ಎನ್ನದೆ, ಹತ್ತು ಹನ್ನೆರಡು ಜನರ ಗುಂಪು ಗುಂಪಾಗಿ. ಧರ್ಮಸ್ಥಳ, ಹೊರನಾಡು, ಶೃಂಗೇರಿ ಮಾಡಿಕೊಂಡು ಬೇಲೂರು. ಇಲ್ಲವೇ ಬೇಲೂರು ನೋಡಿಕೊಂಡು ಆ ಕಡೆಗೆ. ಗಂಡಸರಿಲ್ಲದೆ, ಮಕ್ಕಳಿಲ್ಲದೆ, ತಾವೇ ದುಡ್ಡು ಕೂಡಿಸಿ, ತಾವೇ ದಾರಿ ಗೊತ್ತುಮಾಡಿಕೊಂಡು.

ಊರಿನಲ್ಲಿ ಇವರಿಗೆ "ಫ್ರೀ ಬಸ್ಸಿನವರು" ಎಂಬ ಹೆಸರು ಬಿದ್ದಿದೆ. ಕೈಯಲ್ಲಿ ಕಾಸಿಲ್ಲದವರು ಎಂಬ ದನಿಯಲ್ಲೇ ಅದನ್ನು ಹೇಳುತ್ತಾರೆ. ಇದು ತಪ್ಪು, ಮತ್ತು ವ್ಯಾಪಾರದ ದೃಷ್ಟಿಯಿಂದ ದುಬಾರಿ ತಪ್ಪು. ಬಸ್ಸಿನ ಹಣ ಉಳಿದಿದೆ ಎಂದರೆ ಕೈಯಲ್ಲಿ ಬೇರೆ ಖರ್ಚಿಗೆ ಹಣ ಇದೆ ಎಂದೇ ಅರ್ಥ. ಗುಂಪಿನ ಹಣ ಒಬ್ಬರ ಸಂಚಿಯಲ್ಲಿರುತ್ತದೆ, ನೋಡಿ ನೋಡಿ ತೆಗೆಯುತ್ತಾರೆ, ಆದರೆ ತೆಗೆಯುತ್ತಾರೆ. ಅವರಿಗೆ ಬೇಕಾದದ್ದನ್ನು ಯಾರೂ ಮಾರುತ್ತಿಲ್ಲ, ಅಷ್ಟೇ. ಆ ದಿನ ಹನ್ನೆರಡು ಜನ ಕೈಯಲ್ಲಿ ದುಡ್ಡು ಹಿಡಿದು ನಿಂತಿದ್ದರು. "ಎಷ್ಟಾದರೂ ಹೇಳ್ರೀ, ಕೊಡ್ತೀವಿ" ಎಂಬ ಮಾತು ಕೂಡ ಬಂದಿತ್ತು. ಮರ್ಯಾದೆಯ ಮಾತು ಬಂದದ್ದು ಅದಾದ ಮೇಲೆ.

ಹಳೇಬೀಡಿನಲ್ಲಿ ಈ ಜಳಕದ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಹೊಯ್ಸಳೇಶ್ವರನ ಗುಡಿಯಲ್ಲಿ ನಿತ್ಯಪೂಜೆ ಇಲ್ಲ, ಜನ ನೋಡಿಕೊಂಡು ಹೋಗುತ್ತಾರೆ. ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವರಿಗೆ ಇಂದಿಗೂ ಪೂಜೆ ನಡೆಯುತ್ತಿದೆ. ಅಲ್ಲಿಗೆ ಮಿಂದು ಹೋಗಬೇಕೆಂಬುದು ಇವರ ಪಾಲಿಗೆ ಸೌಕರ್ಯದ ಮಾತಲ್ಲ.

ಹಾಗಾದರೆ ಹನ್ನೆರಡು ಜನರ ಸ್ನಾನಕ್ಕೆ ಏನು ಬೇಕು? ಇದನ್ನು ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ "ಆಗಲ್ಲ" ಎನ್ನುವವರು ಯಾರೂ ಲೆಕ್ಕ ಹಾಕಿದಂತಿಲ್ಲ.

ಒಂದು ಬಕೆಟ್ ಎಂದರೆ 18 ಲೀಟರ್. ಕಾರ್ತಿಕದ ಬೆಳಗ್ಗೆ ತೊಟ್ಟಿಯ ನೀರು 20 ಡಿಗ್ರಿಯಷ್ಟಿದ್ದರೆ, ಗೀಸರಿನ 60 ಡಿಗ್ರಿಯ ನೀರನ್ನು ಅರ್ಧಕ್ಕರ್ಧ ಬೆರೆಸಿದಾಗ ಮೈಗೆ ಹಿತವಾದ 40 ಡಿಗ್ರಿ ಬರುತ್ತದೆ. ಅಂದರೆ ತಲೆಗೆ 9 ಲೀಟರ್ ಬಿಸಿನೀರು. ಲಾಡ್ಜಿನ ಕೋಣೆಗಳಲ್ಲಿ ಸಾಮಾನ್ಯವಾಗಿ ಇರುವ 25 ಲೀಟರಿನ ಗೀಸರು ಮೂರು ಬಕೆಟ್ಟಿಗೂ ಪೂರ್ತಿ ಸಾಲದು, ಮತ್ತೆ ಕಾಯಲು 2 ಕಿಲೋವ್ಯಾಟಿನದಕ್ಕೆ 35 ನಿಮಿಷ ಬೇಕು. ಒಂದೇ ಗೀಸರು ನೆಚ್ಚಿಕೊಂಡರೆ ಹನ್ನೆರಡನೆಯವರು ಎರಡು ಗಂಟೆ ಕಾಯಬೇಕು. ಜಗಳ ಹುಟ್ಟುವುದು ಇಲ್ಲೇ. ನಮ್ಮ ಕಡೆ ಮನೆಮನೆಯಲ್ಲಿರುವ ಸೌದೆಯ ಬಾಯ್ಲರ್ ಇದಕ್ಕೆ ಹೇಳಿ ಮಾಡಿಸಿದ್ದು. ನೂರು ಲೀಟರಿನದೊಂದು ಇದ್ದರೆ ಹನ್ನೊಂದು ಬಕೆಟ್ ಒಟ್ಟಿಗೆ ಸಿಗುತ್ತದೆ, ತೆಂಗಿನ ಮಟ್ಟೆಯನ್ನೋ ತೋಟದ ಸಿಲ್ವರ್ ಓಕ್ ರೆಂಬೆಯನ್ನೋ ಹಾಕುತ್ತಿದ್ದರೆ ಸಾಕು. ಸೋಲಾರ್ ಆದರೆ ಹಿಂದಿನ ದಿನದ ಬಿಸಿಲಿನ ನೀರು ಬೆಳಗಿನ ಹೊತ್ತಿಗೆ ಸರಿಯಾಗಿ ಸಿಗುತ್ತದೆ, ಆದರೆ ಆಷಾಢ ಶ್ರಾವಣದಲ್ಲಿ ನೆಚ್ಚುವಂತಿಲ್ಲ. ಗ್ಯಾಸ್ ಗೀಸರು ಹಾಕುವವರು ಅದನ್ನು ಬಚ್ಚಲಿನೊಳಗೆ ಹಾಕಲೇಬಾರದು. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವ ಹೋಗುತ್ತದೆ. ಗೀಸರು, ಸಿಲಿಂಡರು ಎರಡೂ ಹೊರಗೋಡೆಯಲ್ಲಿರಲಿ, ಪೈಪು ಮಾತ್ರ ಒಳಗೆ ಬರಲಿ. ಹನ್ನೆರಡು ಜನರ ಬಿಸಿನೀರಿಗೆ ಕರೆಂಟಾದರೆ ಐದು ಯೂನಿಟ್ ಚಿಲ್ಲರೆ, ಗ್ಯಾಸಾದರೆ ಅರ್ಧ ಕಿಲೋ. ಎರಡರಲ್ಲೂ ತಲೆಗೆ ನಾಲ್ಕೈದು ರೂಪಾಯಿ ಮೀರದು.

ನೀರಿಗಿಂತ ಹೊತ್ತು ತಿನ್ನುವುದು ಸೀರೆ ಉಡುವುದು. ಮೀಯಲು ಹತ್ತು ಹನ್ನೆರಡು ನಿಮಿಷ ಸಾಕು. ಬಚ್ಚಲಲ್ಲೇ ಸೀರೆಯನ್ನೂ ಉಡಬೇಕಾಗಿ ಬಂದರೆ ಇಪ್ಪತ್ತೈದು ನಿಮಿಷ. ಒದ್ದೆ ನೆಲದಲ್ಲಿ ನಿರಿಗೆ ಹಿಡಿಯಲಾಗದು, ಬಾಗಿಲಿಗೆ ಹೊಡೆದ ಒಂದೇ ಮೊಳೆಯಲ್ಲಿ ಟವೆಲ್, ಲಂಗ, ಹಳೆಸೀರೆ, ಹೊಸಸೀರೆ ಎಲ್ಲವೂ ನೇತಾಡಬೇಕು. ಆದ್ದರಿಂದ ಬಚ್ಚಲು ಬೇರೆ, ಒಣ ಕೋಣೆ ಬೇರೆ ಇರಬೇಕು. ಮೂರು ಬಚ್ಚಲು, ಪಕ್ಕದಲ್ಲಿ ಮಕ್ಕಳ ಹಾಲ್‌ನಂಥ ಒಂದು ಕೋಣೆ, ಗೋಡೆಗೆ ಸಾಲಾಗಿ ಕೊಕ್ಕೆ, ಒಂದು ನಿಲುವುಗನ್ನಡಿ, ಮೊಣಕಾಲು ನೋವಿನವರಿಗೆ ಕೂರಲು ಬೆಂಚು. ಇಷ್ಟಿದ್ದರೆ ಗಂಟೆಗೆ ಹದಿನೈದು ಜನ ಮುಗಿಸುತ್ತಾರೆ. ಐದೂವರೆಯಿಂದ ಒಂಬತ್ತೂವರೆಯೊಳಗೆ ಅರವತ್ತು. ಮೂರರಲ್ಲಿ ಒಂದಕ್ಕಾದರೂ ಪಾಶ್ಚಾತ್ಯ ಕಮೋಡ್ ಇರಲಿ, ಕೇಳುವವರಲ್ಲಿ ಅರ್ಧ ಜನ ಅರವತ್ತರ ಮೇಲಿನವರು.

ಅರವತ್ತು ಜನಕ್ಕೆ ತೊಳೆಯುವುದೂ ಸೇರಿ 3,000 ಲೀಟರ್ ನೀರು. ಅದು ಅಷ್ಟೂ ನಾಲ್ಕೇ ಗಂಟೆಯಲ್ಲಿ ಹೊರಗೆ ಹರಿಯುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ಹತ್ತು ರೂಮಿಗೆ ಕಟ್ಟಿದ ಸೆಪ್ಟಿಕ್ ಟ್ಯಾಂಕಿಗೆ ಸೋಪಿನ ನೀರನ್ನೆಲ್ಲ ಬಿಟ್ಟರೆ ಕೆಳಗೆ ನಿಂತಿರಬೇಕಾದ ಗಸಿ ಕದಡಿ ಮುಂದಿನ ಗುಂಡಿಗೆ ಹೋಗಿ ಅದನ್ನೂ ಕಟ್ಟಿಸುತ್ತದೆ. ಬಚ್ಚಲ ನೀರಿಗೆ ಬೇರೆಯೇ ಪೈಪು, ಬೇರೆಯೇ ಇಂಗುಗುಂಡಿ ಬೇಕು. ಜಾಲರಿಯ ಮೇಲೊಂದು ಎತ್ತಬಹುದಾದ ತಟ್ಟೆ ಇಟ್ಟು, ಹತ್ತು ಜನಕ್ಕೊಮ್ಮೆ ಕೂದಲು ತೆಗೆಯುವ ಒಬ್ಬ ಹೆಂಗಸನ್ನು ನೇಮಿಸಬೇಕು. ಆಕೆಗೆ ದಿನಕ್ಕೆ ಐನೂರು. ತಲೆಗೆ ನಲವತ್ತು ರೂಪಾಯಿಯಂತೆ ಅರವತ್ತು ಜನರಿಂದ 2,400. ಬಿಸಿನೀರಿಗೆ ಮುನ್ನೂರು, ಫೆನಾಯಿಲು, ರಿಪೇರಿಗೆ ಇನ್ನೂರು ಕಳೆದರೂ ಸಾವಿರದ ನಾನೂರು ಉಳಿಯುತ್ತದೆ. ಟ್ಯಾಂಕರ್ ತರಿಸಬೇಕಾದ ದಿನ ಇದು ಅರ್ಧಕ್ಕಿಳಿಯಬಹುದು. ಆದರೂ ವಾರದ ದಿನಗಳಲ್ಲಿ ಬೀಗ ಹಾಕಿಕೊಂಡೇ ಇರುವ ರೂಮಿನಿಂದ ಇಷ್ಟೂ ಹುಟ್ಟುವುದಿಲ್ಲ.

ಮರ್ಯಾದೆಯ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ರೂಮು ಕೊಡುವುದೇ ಬೇಡ. ರಸ್ತೆ ಕಡೆಯಿಂದ ಬೇರೆ ಬಾಗಿಲು, "ಮಹಿಳೆಯರ ಸ್ನಾನಗೃಹ" ಎಂದು ಕನ್ನಡದಲ್ಲಿ ಬೋರ್ಡು, ಬಾಗಿಲಲ್ಲಿ ಕುಳಿತ ಹೆಂಗಸು, ಹೊರಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ, ಬಚ್ಚಲಿಗೆ ಮಾತ್ರ ಚಿಲಕ. ಗುಂಪಿನ ಒಬ್ಬರ ಹೆಸರು, ಊರು, ಫೋನ್ ನಂಬರ್ ಬರೆದುಕೊಂಡರಾಯಿತು. ಗಂಟೆ ಲೆಕ್ಕವೇ ಇಲ್ಲದಿದ್ದರೆ ಆ ಉತ್ತರವನ್ನು ಯಾರಿಗೂ ಹೇಳಬೇಕಾಗಿ ಬರುವುದಿಲ್ಲ.

ಕೆಲವರು ಬದಲಾಗಿದ್ದಾರೆ. ಬಸ್‌ಸ್ಟ್ಯಾಂಡ್ ಕಡೆಯ ಒಂದು ಹೋಟೆಲಿನಲ್ಲಿ "ಹೊರಗಿನ ತಿಂಡಿ ತಿನ್ನಬಾರದು" ಎಂಬ ಬೋರ್ಡು ಇಳಿದಿದೆ. ಈ ಹೆಂಗಸರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿರುತ್ತಾರೆ, ಇಡ್ಲಿ ಕೊಳ್ಳುವುದಿಲ್ಲ. ಅವರಿಗೆ ಬೇಕಾದ್ದು ಖಾರವಾದ ಕಾಳುಪಲ್ಯ, ಗಟ್ಟಿ ಮೊಸರು, ಕೊನೆಗೊಂದು ಚಹಾ. ಅದನ್ನು ಅರಿತವರು ಪಲ್ಯ ಮೊಸರಿಗೆ ಮೂವತ್ತು ರೂಪಾಯಿ ಇಟ್ಟು, ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವಿನ ಖಾಲಿ ಹೊತ್ತಿನಲ್ಲಿ ಟೇಬಲ್ ತುಂಬಿಸುತ್ತಿದ್ದಾರೆ. ಬಳಪದ ಕಲ್ಲಿನ ಮೂರ್ತಿ ಮಾರುತ್ತಿದ್ದ ಅಂಗಡಿಗಳ ಮುಂದಿನ ಸಾಲಿನಲ್ಲಿ ಈಗ ಬಳೆ, ಕುಂಕುಮ, ಮೊಮ್ಮಕ್ಕಳ ಆಟಿಕೆ. ಎರಡು ಸಾವಿರದ ಒಂದು ವ್ಯಾಪಾರದ ಜಾಗದಲ್ಲಿ ಇಪ್ಪತ್ತು ರೂಪಾಯಿಯ ನೂರು ವ್ಯಾಪಾರ. ಇವರಲ್ಲಿ ಹೆಚ್ಚಿನವರು ನೋಟಿನಲ್ಲೇ ಕೊಡುವುದರಿಂದ ಬೆಳಗ್ಗೆ ಹತ್ತು, ಇಪ್ಪತ್ತರ ಚಿಲ್ಲರೆ ಕಟ್ಟಿಟ್ಟುಕೊಳ್ಳದವರ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತದೆ. ಗುಂಪಿಗೆ ತಲೆಗೆ ಇಷ್ಟು ಎಂದು ಒಪ್ಪಿಕೊಳ್ಳುವ ಒಬ್ಬ ಗೈಡ್ ಬಗ್ಗೆ ಹೇಳಲೇಬೇಕು. ಕಾರಿನವರಿಗೆ ಗುಡಿಯ ದರ್ಪಣ ಸುಂದರಿಯ ಶಿಲ್ಪದ ಮುಂದೆ ಫೋಟೋ ತೆಗೆಸಿ ಮುಗಿಸುವ ಈತ, ಈ ಹೆಂಗಸರಿಗೆ ಮದನಿಕೆಯರೆಂಬ ಕಲ್ಲಿನ ಸುಂದರಿಯರ ತುರುಬಿನ ಕಟ್ಟು, ತೋಳಬಂದಿ, ಡಾಬುಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಅವರು ಕೇಳುವ ಪ್ರಶ್ನೆಗಳು ಅಂಥವು. ಕಲ್ಲನ್ನು ಅಷ್ಟು ಹತ್ತಿರದಿಂದ ನೋಡುವ ಪ್ರವಾಸಿಗಳು ಕಾರಿನಲ್ಲಿ ಬರುವುದು ಅಪರೂಪ.

ಆ ಹನ್ನೆರಡು ಮಂದಿಗೆ ಕೊನೆಗೆ ಜಾಗ ಸಿಕ್ಕಿದ್ದು ಗುಡಿಯ ಹಿಂದಿನ ಬೀದಿಯ ಒಂದು ಮನೆಯಲ್ಲಿ. ಹೊಲಿಗೆ ಕೆಲಸ ಮಾಡುವ ಹೆಂಗಸೊಬ್ಬರು ತಮ್ಮ ಹಿತ್ತಿಲ ಬಚ್ಚಲನ್ನು ತಲೆಗೆ ಮೂವತ್ತು ರೂಪಾಯಿಗೆ ಕೊಡುತ್ತಾರೆ. ಹಂಡೆ ಒಲೆಯ ನೀರು, ಎರಡು ಬಕೆಟ್, ಸೀರೆ ಉಡಲು ಹೊಲಿಗೆ ಯಂತ್ರದ ಕೋಣೆ, ಅಲ್ಲಿ ಗಿರಾಕಿಗಳಿಗೆಂದು ಮೊದಲೇ ಇದ್ದ ಕನ್ನಡಿ. ಬೋರ್ಡಿಲ್ಲ, ಬಾಯಿಂದ ಬಾಯಿಗೆ ಸುದ್ದಿ. ಎರಡು ಗುಂಪು ಒಟ್ಟಿಗೆ ಬಂದ ದಿನ ನೀರು ಸಾಲದೆ ಒಂದನ್ನು ವಾಪಸ್ ಕಳಿಸಬೇಕಾಗುತ್ತದೆ, ಅವರಲ್ಲಿರುವುದು 500 ಲೀಟರಿನ ಒಂದೇ ಡ್ರಮ್ಮು. ಇನ್ನೊಂದು ಸಾವಿರ ಲೀಟರಿನ ಟ್ಯಾಂಕು, ನೂರು ಲೀಟರಿನ ಬಾಯ್ಲರು, ಹಿತ್ತಿಲ ಬಾಳೆಗೆ ಹರಿಯುವ ನೀರಿಗೊಂದು ಇಂಗುಗುಂಡಿ, ಇಷ್ಟು ಅವರಿಗೆ ಬೇಕು. ಮಹಿಳಾ ಸಂಘದಲ್ಲಿ ಸಾಲಕ್ಕೆ ಕೇಳಿದ್ದಾರೆ. ಡಿಸೆಂಬರಿನಲ್ಲಿ ಶಾಲಾ ಮಕ್ಕಳ ಬಸ್ಸುಗಳೂ ಸೇರಿಕೊಂಡು ಬೆಳಗಿನ ನೀರಿಗೆ ಎಲ್ಲೆಡೆ ಎಳೆದಾಟವಾಗುತ್ತದೆ, ಅಷ್ಟರೊಳಗೆ ಟ್ಯಾಂಕನ್ನಾದರೂ ಕೂರಿಸಿಬಿಡಬೇಕು ಎನ್ನುತ್ತಿದ್ದರು.