ಮಾನಿಟರ್ ಹಸಿರಿತ್ತು, ಟ್ರ್ಯಾಕ್ಟರ್ ಒಳಗಿತ್ತು

ಹೋದ ವಾರ ರಜೆಗೆ ಹುಬ್ಬಳ್ಳಿಗೆ ಬಂದಿದ್ದೆ. ಅಣ್ಣನ ಮಗನ ಬೈಕಿನ ಹಿಂದೆ ಕೂತು ಗೋಕುಲ ರಸ್ತೆಯಲ್ಲಿ ಹೋಗುವಾಗ ಎಲ್ಲಿಂದಲೋ ಕೊಯ್ದ ಹಸಿ ಹುಲ್ಲಿನ ವಾಸನೆ ಬಂತು. ಅದೇ ಹೊತ್ತಿಗೆ ಅವನು ಕೇಳಿದ: "ಕಾಕಾ, ಈಗ ಆಟೋಪೈಲಟ್ಟೇ ವಿಮಾನ ಇಳಸ್ತದಂತಲ್ಲ, ಖರೇನ?" ನನಗೆ ತಕ್ಷಣ ಮಾತು ಹೊರಡಲಿಲ್ಲ. 11 ವರ್ಷದ ಹಿಂದಿನ ಒಂದು ಬೆಳಿಗ್ಗೆ ಕಣ್ಣ ಮುಂದೆ ಬಂತು.

ನಾನು ಐಎಲ್ಎಸ್, ಅಂದರೆ ವಿಮಾನಕ್ಕೆ ಇಳಿಯುವ ದಾರಿ ತೋರಿಸುವ ರೇಡಿಯೋ ಉಪಕರಣ, ನೋಡಿಕೊಳ್ಳುವವನು. ಆಗ ಬೇರೆ ಊರಿನ ನಿಲ್ದಾಣದಲ್ಲಿದ್ದೆ, ಹೆಸರು ಬೇಡ. ಶಿಫ್ಟ್ ಇನ್‌ಚಾರ್ಜ್ ಗದಗದವರು. ಮಳೆ ಬಿಟ್ಟು ನಾಲ್ಕು ದಿನ ಆಗಿತ್ತು. ಎಷ್ಟು ಎತ್ತರದಲ್ಲಿ ಇಳಿದು ಬರಬೇಕು ಎಂದು ತೋರಿಸುವ ಗ್ಲೈಡ್ ಪಾತ್ ಆಂಟೆನಾದ ಮುಂದೆ ಹುಲ್ಲು ಮೊಣಕಾಲಿನ ತನಕ ಬೆಳೆದಿತ್ತು. ಅದನ್ನು ಹಾಗೆ ಬಿಡುವಂತಿಲ್ಲ. ಆಂಟೆನಾದಿಂದ ಹೊರಟ ಸಿಗ್ನಲ್ ಮುಂದಿನ ನೆಲಕ್ಕೆ ಬಡಿದು ಮೇಲೇಳುತ್ತದೆ, ನೇರ ಹೋದದ್ದೂ ಬಡಿದು ಎದ್ದದ್ದೂ ಸೇರಿಯೇ 3 ಡಿಗ್ರಿ ಇಳಿಜಾರಿನ ದಾರಿ ಆಗುವುದು. ಆ ನೆಲ ಕೆಟ್ಟರೆ ದಾರಿಯೂ ಕೆಡುತ್ತದೆ.

ಟ್ರ್ಯಾಕ್ಟರ್ ಬಂದು ನಿಂತಿತ್ತು, ಹಿಂದೆ ಕಬ್ಬಿಣದ ಟ್ರಾಲಿ. ಮುಂದಿನ ಫ್ಲೈಟ್‌ಗೆ ಇನ್ನೂ 40 ನಿಮಿಷ ಇತ್ತು. ಆಕಾಶ ತಿಳಿಯಾಗಿತ್ತು. ಟವರ್‌ನವರು "ಆಂಟೆನಾ ಮುಂದಿನ ಜಾಗದ ಒಳಗೆ ಬಿಡಬಹುದಾ?" ಎಂದು ಕೇಳಿದರು. ಬಿಡಿ ಎಂದೆ. ಮೋಡ ಇಲ್ಲ, ಪೈಲಟ್‌ಗೆ ರನ್‌ವೇ ದೂರದಿಂದಲೇ ಕಾಣುತ್ತದೆ, ಕೈಯಲ್ಲೇ ಇಳಿಸುತ್ತಾನೆ ಅಂತ ನಾನೇ ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಆಂಟೆನಾ ಪಕ್ಕದ ಕೋಣೆಗೆ ಹೋಗಿ ಲಾಗ್ ಬುಕ್ ಬರೆಯುತ್ತಾ ಕೂತೆ.

ಫ್ಲೈಟ್ ಬೇಗ ಬಂತು. ಟವರ್‌ನ ಹಾಟ್‌ಲೈನ್ ಹೊಡೆಯಿತು. "ಇಳಿಯಲು ಫೈನಲ್‌ನಲ್ಲಿ ಒಬ್ಬರಿದ್ದಾರೆ, ಗ್ಲೈಡ್ ಸ್ಲೋಪ್ ಅಲ್ಲಾಡ್ತಿದೆ ಅಂತಿದ್ದಾರೆ. ನಿಮ್ಮ ಕಡೆ ಹೇಗಿದೆ?" ನಾನು ಮಾನಿಟರ್ ಪ್ಯಾನಲ್ ನೋಡಿದೆ. ಎಲ್ಲ ಹಸಿರು. ದಾರಿ ಎಷ್ಟು ತಪ್ಪಿದೆ ಎಂದು ಹೇಳುವ ಡಿಡಿಎಂ ಅಂಕಿ ಸೊನ್ನೆ. "ನಾರ್ಮಲ್" ಎಂದೆ. ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಹೊರಗೆ ಇಣುಕಲಿಲ್ಲ.

ಎಷ್ಟು ಸುಲಭವಾಗಿ ಹೇಳಿಬಿಟ್ಟೆ ಅಲ್ವಾ, ಆ ಮಾತು! ಸಿಗ್ನಲ್ ಕೆಟ್ಟರೆ 6 ಸೆಕೆಂಡಿನೊಳಗೆ ಟ್ರಾನ್ಸ್‌ಮಿಟರ್ ತಾನೇ ಬಂದ್ ಆಗುತ್ತದೆ, ಬಂದ್ ಆಗಿಲ್ಲ ಅಂದರೆ ಸರಿ ಇದೆ, ಇಷ್ಟೇ ನನ್ನ ಲೆಕ್ಕ. ಆದರೆ ಮಾನಿಟರ್ ನೋಡುವುದು ನಮ್ಮ ಆಂಟೆನಾದಿಂದ ಏನು ಹೊರಟಿತು ಎಂಬುದನ್ನು. ಅದರಾಚೆ ಕಬ್ಬಿಣಕ್ಕೆ ಬಡಿದು ಏನಾಯಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಇನ್‌ಚಾರ್ಜ್ ಎಕ್ವಿಪ್‌ಮೆಂಟ್ ರೂಮಿನಿಂದ ಫೋನ್ ಮಾಡಿದರು. "ತಮ್ಮಾ, ಮಾನಿಟರ್ ಹಸಿರೈತಿ ಖರೆ. ಟ್ರ್ಯಾಕ್ಟರ್ ಎಲ್ಲೈತಿ?"

ಓಡಿ ಹೊರಗೆ ಬಂದೆ. ಟ್ರ್ಯಾಕ್ಟರ್ ಆಂಟೆನಾ ಕಂಬದ ಎದುರಿಗೇ ಇತ್ತು, ಟ್ರಾಲಿ ಅಡ್ಡಡ್ಡ ನಿಂತಿತ್ತು. ಆಚೆ ವಿಮಾನದ ಮೂಗು ಒಮ್ಮೆ ಕೆಳಗೆ ಬಾಗಿತು, ಮತ್ತೆ ಎದ್ದಿತು. ಆಮೇಲೆ ಎಂಜಿನ್ ಸದ್ದು ಜೋರಾಯಿತು. ಗೋ ಅರೌಂಡ್, ಇಳಿಯದೆ ಮತ್ತೆ ಮೇಲಕ್ಕೆ. ತಲೆ ಮೇಲೆ ಹಾದು ಹೋಗುವ ತನಕ ನಾನು ಉಸಿರು ಬಿಟ್ಟಿರಲಿಕ್ಕಿಲ್ಲ. ಡ್ರೈವರ್‌ಗೆ ಕೈ ಬೀಸಿ ಕೂಗಿದೆ, ಅವನಿಗೆ ಕೇಳಿಸಲಿಲ್ಲ. ಹೊಲದಲ್ಲಿ ಓಡಿದ ಹಾಗೆ ಹುಲ್ಲಿನಲ್ಲಿ ಓಡಿದೆ.

ಎರಡನೇ ಸಲ ಇಳಿಯಿತು, ಯಾರಿಗೂ ಏನೂ ಆಗಲಿಲ್ಲ. ಪೈಲಟ್ ಆಟೋಪೈಲಟ್ ಹಾಕಿಕೊಂಡೇ ಬಂದಿದ್ದರಂತೆ. ಆಕಾಶ ತಿಳಿ ಇದ್ದಾಗಲೂ ಹಾಗೆ ಬರುವವರು ಬಹಳ. ಅದು ತಪ್ಪೂ ಅಲ್ಲ. ಮಂಜು ಬಿದ್ದಾಗ ನಾವು ಆಂಟೆನಾ ಮುಂದಿನ ಜಾಗವನ್ನು ಕಾಯುತ್ತೇವೆ, ಒಂದು ಜೀಪನ್ನೂ ಬಿಡುವುದಿಲ್ಲ. ಬಿಸಿಲಿದ್ದಾಗ ಕಾವಲು ಸಡಿಲ. ಆಟೋಪೈಲಟ್‌ಗೆ ಬಿಸಿಲು, ಮಂಜು ಎರಡೂ ಒಂದೇ, ಅದು ಸಿಗ್ನಲ್‌ನಲ್ಲಿರುವ 90 ಮತ್ತು 150 ಹರ್ಟ್ಸ್‌ನ ಎರಡು ಸ್ವರಗಳಲ್ಲಿ ಯಾವುದು ಎಷ್ಟು ಹೆಚ್ಚು ಎಂಬುದನ್ನು ಮಾತ್ರ ನೋಡುತ್ತದೆ.

2011ರ ನವೆಂಬರ್ 3ರಂದು ಮ್ಯೂನಿಕ್‌ನಲ್ಲಿ ಒಂದು ಬೋಯಿಂಗ್ 777ಕ್ಕೆ ಹೀಗೇ ಆಯಿತು. ಮುಂದೆ ಟೇಕಾಫ್ ಆದ ವಿಮಾನದಿಂದ ಲೋಕಲೈಜರ್, ಅಂದರೆ ರನ್‌ವೇಯ ನಡುಗೆರೆ ತೋರಿಸುವ ಸಿಗ್ನಲ್, ಕೆಟ್ಟಿತು. ಆಟೋಲ್ಯಾಂಡ್‌ನಲ್ಲಿದ್ದ, ಅಂದರೆ ಆಟೋಪೈಲಟ್ಟೇ ಇಳಿಸುತ್ತಿದ್ದ ವಿಮಾನ ರನ್‌ವೇ ಬಿಟ್ಟು ಎಡಕ್ಕೆ ಹುಲ್ಲಿಗೆ ಇಳಿಯಿತು. ಯಾರಿಗೂ ಗಾಯ ಆಗಲಿಲ್ಲ. ಆಟೋಲ್ಯಾಂಡ್ ಅಂತ ಟವರ್‌ಗೆ ಗೊತ್ತೇ ಇರಲಿಲ್ಲ. ಆ ಸುದ್ದಿಯನ್ನು ನಾನು ಮೊದಲೇ ಓದಿದ್ದೆ. ಓದಿದ್ದೂ ಟ್ರ್ಯಾಕ್ಟರ್ ಬಿಟ್ಟೆ.

ಆ ಬೆಳಿಗ್ಗೆ ಲಾಗ್ ಬುಕ್‌ನಲ್ಲಿ "ಗ್ಲೈಡ್ ಪಾತ್ ನಾರ್ಮಲ್" ಅಂತ ಬರೆದಿದ್ದ ಸಾಲಿನ ಕೆಳಗೆ, ಟ್ರ್ಯಾಕ್ಟರ್ ಒಳಗಿತ್ತು, ನಾನೇ ಬಿಡಿ ಎಂದಿದ್ದೆ ಎಂದು ಬರೆದೆ. ಇನ್‌ಚಾರ್ಜ್ ಓದಿ ಸುಮ್ನೆ ಸಹಿ ಹಾಕಿದರು. ಹುಲ್ಲು ಕೊಯ್ಯುವಾಗ ಹೊರಗೆ ಒಬ್ಬರನ್ನು ನಿಲ್ಲಿಸಿ ಎಂದು ಮೇಲಿನವರಿಗೆ ಮೂರು ಸಲ ಬರೆದೆವು. ಜನ ಇಲ್ಲ ಎಂಬ ಉತ್ತರವೇ ಮೂರು ಸಲವೂ ಬಂತು. ಜನ ಇಲ್ಲದಿದ್ದರೆ ಕೊಯ್ಯುವ ಹೊತ್ತಿಗೆ ಗ್ಲೈಡ್ ಪಾತ್ ಬಂದ್ ಮಾಡಿ ಪೈಲಟ್‌ಗಳಿಗೆ ಸೂಚನೆ (ನೋಟಾಮ್) ಕೊಡಿ, ಅದಕ್ಕೇನು ಕಷ್ಟ? ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಈಗ ನಾನಿರುವ ಕಡೆ ಹುಲ್ಲು ಕೊಯ್ಯುವ ದಿನ ಒಳಗೆ ಕೂರುವುದಿಲ್ಲ. ವಾಕಿಟಾಕಿ ಹಿಡಿದು ಡ್ರೈವರ್‌ಗೆ ಕಾಣುವ ಹಾಗೆ ಹೊರಗೆ ನಿಲ್ಲುತ್ತೇನೆ.